ಒಂದೇ ಮಗು ನೀತಿ ಹೋದ ಮೇಲೂ ಚೀನಾದಲ್ಲಿ ಮಕ್ಕಳು ಯಾಕೆ ಹುಟ್ಟುತ್ತಿಲ್ಲ?

ನೀವು ಕೇಳಿರುವುದು ಇಷ್ಟು: ಸರ್ಕಾರ ತಾನೇ ಹಾಕಿದ್ದ ಬೀಗ ತೆಗೆದು ‘ಎರಡು ಹೆರಿ, ಮೂರು ಹೆರಿ’ ಅಂತ ದುಂಬಾಲು ಬಿದ್ದರೂ ಜನ ಯಾಕೆ ಕೇಳುತ್ತಿಲ್ಲ? ನಾನು ಶಾಂಘೈನಲ್ಲಿ 2016ರಿಂದ ಮೂರೂವರೆ ವರ್ಷ ಕೆಲಸ ಮಾಡಿದ್ದೇನೆ. ಎರಡನೇ ಮಗುವಿಗೆ ಒಪ್ಪಿಗೆ ಸಿಕ್ಕಿದ್ದೂ ಅದೇ ವರ್ಷದ ಜನವರಿ 1ರಿಂದ. ಹಾಗಾಗಿ ಊಟದ ಹೊತ್ತಿನಲ್ಲಿ ಇದೇ ಮಾತು ಜಾಸ್ತಿ ಕೇಳಿದ್ದೇನೆ.

ಮೊದಲು ಅಂಕಿ ಮುಗಿಸಿಬಿಡೋಣ. 2016ರಲ್ಲಿ ಅಲ್ಲಿ 1 ಕೋಟಿ 78 ಲಕ್ಷ ಮಕ್ಕಳು ಹುಟ್ಟಿದರು. 2023ರಲ್ಲಿ ಹುಟ್ಟಿದ್ದು 90 ಲಕ್ಷ. ಏಳೇ ವರ್ಷದಲ್ಲಿ ಅರ್ಧ! ಅಷ್ಟರಲ್ಲಿ ಮೂರನೇ ಮಗುವಿಗೂ ಅನುಮತಿ ಕೊಟ್ಟು ಎರಡು ವರ್ಷವಾಗಿತ್ತು. 2024 ಡ್ರ್ಯಾಗನ್ ವರ್ಷ, ಹುಟ್ಟಿದವರಿಗೆ ಅದೃಷ್ಟ ಅಂತ ನಂಬಿಕೆ. ಸಂಖ್ಯೆ 95 ಲಕ್ಷಕ್ಕೆ ಏರಿತು. ಆದರೆ ಆ ವರ್ಷ ನೋಂದಣಿಯಾದ ಮದುವೆಗಳು ಬರೀ 61 ಲಕ್ಷ. 2013ರಲ್ಲಿ ಅದು 1 ಕೋಟಿ 34 ಲಕ್ಷ ಇತ್ತು. ಮದುವೆಯಾಗದೆ ಮಗು ಹೆರುವುದು ಅಲ್ಲಿ ಇವತ್ತಿಗೂ ಅಪರೂಪ. ಮುಂದಿನದನ್ನು ನೀವೇ ಲೆಕ್ಕ ಹಾಕಿಕೊಳ್ಳಿ.

ಶಾಂಘೈನ ಪೀಪಲ್ಸ್ ಪಾರ್ಕ್‌ಗೆ ಶನಿವಾರವೋ ಭಾನುವಾರವೋ ಮಧ್ಯಾಹ್ನ ಹೋದರೆ ದಾರಿಯುದ್ದಕ್ಕೂ ನೆಲದ ಮೇಲೆ ಬಿಚ್ಚಿಟ್ಟ ಕೊಡೆಗಳು ಕಾಣುತ್ತವೆ. ಮಳೆಗಲ್ಲ. ಒಂದೊಂದು ಕೊಡೆಗೂ ಒಂದು ಹಾಳೆ ಸಿಕ್ಕಿಸಿರುತ್ತಾರೆ: ಹುಟ್ಟಿದ ವರ್ಷ, ಎತ್ತರ, ಓದು, ಸಂಬಳ, ಸ್ವಂತ ಮನೆ ಉಂಟೋ ಇಲ್ಲವೋ. ಪಕ್ಕದಲ್ಲಿ ಮಡಚುವ ಸ್ಟೂಲ್ ಹಾಕಿಕೊಂಡು, ಫ್ಲಾಸ್ಕಿನ ಬಿಸಿನೀರು ಕುಡಿಯುತ್ತಾ ಕೂತಿರುವವರು ಅಪ್ಪ ಅಮ್ಮಂದಿರು. ಎಷ್ಟೋ ಸಲ ಮಕ್ಕಳಿಗೆ ವಿಷಯ ಗೊತ್ತೇ ಇರುವುದಿಲ್ಲ. ಒಂದು ಸಲ ನಾನು, ನನ್ನ ಇಬ್ಬರು ಸಹೋದ್ಯೋಗಿಗಳು ಸುಮ್ನೆ ನೋಡಲು ಹೋಗಿದ್ದೆವು. ಒಬ್ಬ ಹೆಂಗಸು ನಮ್ಮ ಜೊತೆಗಿದ್ದ ಹುಡುಗನನ್ನು ತಡೆದು ಸಂಬಳ ಕೇಳಿದರು. ಮುಖ ಅರಳಿತು. ಹುಕೌ, ಅಂದರೆ ಊರಿನ ನೋಂದಣಿ, ಎಲ್ಲಿಯದು ಅಂದರು. ‘ಅನ್ಹುಯ್’ ಅಂದ, ಅದು ಬೇರೆ ಪ್ರಾಂತ್ಯ. ಆಕೆ ಮತ್ತೆ ಫ್ಲಾಸ್ಕಿನ ಮುಚ್ಚಳ ತಿರುಗಿಸತೊಡಗಿದರು. ಮಾತುಕತೆ ಅಲ್ಲಿಗೆ ಮುಗಿಯಿತು.

ಈ ಹುಕೌ ಗೊತ್ತಾಗದೆ ಚೀನಾ ಅರ್ಥವಾಗುವುದಿಲ್ಲ. ಅದು ಮನೆಮಂದಿಯ ನೋಂದಣಿ, 1958ರ ಕಾನೂನು. ನಿಮ್ಮ ಹೆಸರು ಯಾವ ಊರಿನ ಪುಸ್ತಕದಲ್ಲಿದೆಯೋ ಸರ್ಕಾರಿ ಸವಲತ್ತುಗಳೆಲ್ಲ ಹೆಚ್ಚುಕಮ್ಮಿ ಆ ಊರಿನಲ್ಲೇ. ಊರು ಬಿಟ್ಟು ದುಡಿಯುವ ಹಳ್ಳಿಯವರೇ 17 ಕೋಟಿಗೂ ಹೆಚ್ಚು ಜನ. ಮಗು ಹುಟ್ಟಿದ್ದು ಶಾಂಘೈಯಲ್ಲೇ ಆದರೂ ಹುಕೌ ಸಿಗುವುದು ಅಪ್ಪ ಅಮ್ಮನದ್ದೇ. ಕಾಲೇಜು ಪ್ರವೇಶದ ದೊಡ್ಡ ಪರೀಕ್ಷೆ ಗಾವ್‌ಕಾವ್ ಬರೆಯಲು ಅಂಥ ಮಕ್ಕಳಲ್ಲಿ ಹೆಚ್ಚಿನವರು ಹುಕೌ ಇರುವ ಪ್ರಾಂತ್ಯಕ್ಕೇ ಹೋಗಬೇಕು. ಅದಕ್ಕೇ ಎಷ್ಟೋ ಜನ ಮಕ್ಕಳನ್ನು ಹಳ್ಳಿಯಲ್ಲಿ ಅಜ್ಜ ಅಜ್ಜಿಯ ಹತ್ತಿರ ಬಿಟ್ಟು, ವರ್ಷಕ್ಕೊಮ್ಮೆ ಹೊಸವರ್ಷದ ಹಬ್ಬಕ್ಕೆ ಹೋಗಿ ಮುಖ ನೋಡಿ ಬರುತ್ತಾರೆ.

ನನ್ನ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದಾಕೆಯ ಮನೆಯ ಲೆಕ್ಕ ಹೇಳಿದರೆ ಉಳಿದದ್ದು ಅರ್ಥವಾಗಬಹುದು. ಆಕೆ ಒಬ್ಬಳೇ ಮಗಳು, ಗಂಡ ಒಬ್ಬನೇ ಮಗ. ಮೇಲೆ ನಾಲ್ಕು ಜನ ಹಿರಿಯರು, ನಡುವೆ ದುಡಿಯುವ ಇಬ್ಬರು, ಕೆಳಗೆ ಒಂದು ಮಗು. ಎರಡು ರೂಮಿನ ಮನೆ, ಅದರ ಸಾಲ. ಮಗು ನೋಡಿಕೊಳ್ಳಲು ಅವಳ ಅಮ್ಮ ಗಂಡನನ್ನು ಊರಲ್ಲಿ ಬಿಟ್ಟು ಬಂದು, ಮೊಮ್ಮಗಳ ರೂಮಿನಲ್ಲಿ ಮಲಗುತ್ತಿದ್ದರು. ಅತ್ತೆಗೆ ಮಂಡಿನೋವು, ಬರುವ ಹಾಗಿಲ್ಲ. ‘ಎರಡನೆಯದು ಯಾವಾಗ?’ ಅಂತ ಯಾರೋ ಕೇಳಿದಾಗ ಆಕೆ ಅಂದಿದ್ದು, ‘ಅದಕ್ಕೆ ಇನ್ನೊಬ್ಬ ಅಮ್ಮನನ್ನು ಎಲ್ಲಿಂದ ತರಲಿ?’

ನನಗೆ ಅನ್ನಿಸುವುದು ಇದೇ. 35 ವರ್ಷ ಎಲ್ಲವನ್ನೂ ಒಂದೇ ಮಗುವಿನ ಅಳತೆಗೆ ಹೊಲಿದಿದ್ದಾರೆ. ಮನೆ, ಉಳಿತಾಯ, ಟ್ಯೂಷನ್, ಅಜ್ಜಿಯ ದುಡಿಮೆ ಎಲ್ಲಾ. ಕಾನೂನು ಒಂದು ದಿನದಲ್ಲಿ ಬದಲಾಯಿತು, ಅಂಗಿ ಬದಲಾಗಲಿಲ್ಲ. ಹೆಂಗಸರಿಗಂತೂ ಹೊಸ ತಾಪತ್ರಯ ಶುರುವಾಯಿತು. ಮೊದಲೆಲ್ಲ ಒಂದು ಮಗು ಇದ್ದವಳು ಇನ್ನು ಹೆರಿಗೆ ರಜೆ ಕೇಳಲ್ಲ ಅಂತ ಕೆಲಸ ಕೊಡುವವರಿಗೆ ಧೈರ್ಯವಿತ್ತು. ಈಗ ‘ಇನ್ನೊಂದು ಪ್ಲಾನ್ ಇದೆಯಾ?’ ಅಂತ ಸಂದರ್ಶನದಲ್ಲೇ ಕೇಳುತ್ತಾರೆ. ಹಾಗೆ ಕೇಳಬಾರದು ಅಂತ 2019ರಲ್ಲಿ ಸರ್ಕಾರದ ಸೂಚನೆ ಬಂತು. ಕೇಳುವುದು ನಿಂತಿಲ್ಲ.

ಹಳ್ಳಿ ಕಡೆಯ ಕತೆ ಬೇರೆ. ಗಂಡೇ ಬೇಕು ಅಂತ ಹೆಣ್ಣು ಭ್ರೂಣ ತೆಗೆಸಿದ ಫಲವಾಗಿ, 2020ರ ಜನಗಣತಿಯಲ್ಲಿ ಹೆಂಗಸರಿಗಿಂತ ಗಂಡಸರು ಸುಮಾರು ಮೂರೂವರೆ ಕೋಟಿ ಜಾಸ್ತಿ. ನಮ್ಮಲ್ಲಿ ಹಿಂದೆ ‘ತೆರ’ ಕೊಡುತ್ತಿದ್ದರಲ್ಲ, ಅಲ್ಲಿ ಈಗಲೂ ಗಂಡಿನ ಕಡೆಯವರೇ ಹೆಣ್ಣಿನ ಮನೆಗೆ ಹಣ ಕೊಡಬೇಕು. ಜೊತೆಗೆ ಪೇಟೆಯಲ್ಲಿ ಫ್ಲ್ಯಾಟೂ ಬೇಕು. ಬಡ ರೈತನ ಮಗನ ಗತಿ ಹೇಳಬೇಕಾಗಿಲ್ಲ.

ಹಾಗಂತ ಎಲ್ಲದಕ್ಕೂ ಆ ನೀತಿಯೇ ಕಾರಣ ಅನ್ನುವವರ ಮಾತು ನಾನು ಪೂರ್ತಿ ಒಪ್ಪುವುದಿಲ್ಲ. 1970ರ ಸುಮಾರಿಗೆ ಒಬ್ಬ ತಾಯಿಗೆ ಹತ್ತಿರ ಹತ್ತಿರ ಆರು ಮಕ್ಕಳಿದ್ದದ್ದು, ನೀತಿ ಬರುವ ಮೊದಲೇ ಮೂರಕ್ಕಿಂತ ಕೆಳಗಿಳಿದಿತ್ತು. ನಮ್ಮ ಕರ್ನಾಟಕದಲ್ಲಿ ಅಂಥ ಕಾನೂನೇ ಇರಲಿಲ್ಲ, ಆದರೂ 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 1.7ಕ್ಕೆ ಬಂದು ನಿಂತಿದೆ. ಚೀನಾ ಮಾತ್ರ 1ರ ಆಸುಪಾಸಿಗೆ ಕುಸಿದಿದೆ.

2025ರ ಜುಲೈನಲ್ಲಿ ಅಲ್ಲಿನ ಸರ್ಕಾರ ಮೂರು ವರ್ಷದೊಳಗಿನ ಪ್ರತಿ ಮಗುವಿಗೆ ವರ್ಷಕ್ಕೆ 3,600 ಯುವಾನ್ ಕೊಡುವುದಾಗಿ ಹೇಳಿತು. ನಮ್ಮ ಲೆಕ್ಕದಲ್ಲಿ 40 ಸಾವಿರ ರೂಪಾಯಿ ಚಿಲ್ಲರೆ. ನನ್ನ ಹಳೇ ಸಹೋದ್ಯೋಗಿಗೆ ವೀಚಾಟ್‌ನಲ್ಲಿ ‘ಈಗಲಾದರೂ?’ ಅಂತ ತಮಾಷೆಗೆ ಕೇಳಿದೆ. ತಿಂಗಳಿಗೆ 300 ಆಯಿತು, ಒಂದು ಒಳ್ಳೆ ಹಾಲಿನ ಪುಡಿ ಡಬ್ಬ ಬರುತ್ತೆ ಅಂದಳು. ಆಮೇಲೆ ಅವಳ ಅಮ್ಮನ ಫೋಟೊ ಕಳಿಸಿದಳು. ಮೊಮ್ಮಗಳು ಬೆಳೆದಿದ್ದಾಳೆ, ಅಮ್ಮ ಕೊನೆಗೂ ಊರಿಗೆ ವಾಪಸ್ ಹೋಗಿದ್ದಾರೆ.