ಕಂಪನಿ ಮಾರಿದವರು ಫಂಡ್ ಶುರು ಮಾಡಬಹುದಾ?

ಮಣಿಪಾಲದ ಸಾಫ್ಟ್‌ವೇರ್ ಕಂಪನಿ ಮಾರಿದ ಮೇಲೆ ಸೀದಾ ವೆಂಚರ್ ಫಂಡ್ (ಹೊಸ ಕಂಪನಿಗಳಲ್ಲಿ ಪಾಲು ಕೊಳ್ಳುವ ನಿಧಿ) ಶುರು ಮಾಡಬಹುದಾ ಅಂತ ಕೇಳಿದ್ದೀರಿ. ಮಾಡಬಹುದು, ಆದರೆ ಅವಸರ ಬೇಡ ಮಾರಾಯ್ರೆ.

ಅಮೆರಿಕದ ಮಾರ್ಕ್ ಆಂಡ್ರೀಸನ್ ನೆಟ್‌ಸ್ಕೇಪ್ ಅನ್ನೋ ಬ್ರೌಸರ್ ಕಂಪನಿ ಕಟ್ಟಿದ್ದು 1994ರಲ್ಲಿ, ಫಂಡ್ ತೆರೆದದ್ದು 2009ರಲ್ಲಿ. ನಡುವೆ ಬೆನ್ ಹೊರೊವಿಟ್ಜ್ ಜೊತೆ ಇನ್ನೊಂದು ಕಂಪನಿ ಕಟ್ಟಿ ಎಚ್‌ಪಿಗೆ ಮಾರಿದರು. ಸ್ವಂತ ದುಡ್ಡನ್ನು ಹೊಸ ಕಂಪನಿಗಳಿಗೆ ಹಾಕಿ ಕೈ ಪಳಗಿಸಿಕೊಂಡರು.

ಫಂಡ್ ಅಂದ್ರೆ ಜಾಸ್ತಿ ಪಾಲು ಬೇರೆಯವರ ದುಡ್ಡು ಅಲ್ವಾ? ಸುಮಾರು ಹತ್ತು ವರ್ಷ ಲೆಕ್ಕ ಕೊಡಬೇಕು. ಷೇರು ಮಾರುಕಟ್ಟೆ, ಫಂಡ್‌ಗಳ ನಿಯಂತ್ರಕ ಸೆಬಿಯ ನಿಯಮದಂತೆ ಸಾಮಾನ್ಯವಾಗಿ ಒಬ್ಬೊಬ್ಬ ಹೂಡಿಕೆದಾರ ಕನಿಷ್ಠ 1 ಕೋಟಿ ಹಾಕಬೇಕು, ಒಟ್ಟು 20 ಕೋಟಿಯಾದರೂ ಆಗಬೇಕು. ಅಷ್ಟು ಜನ ಉಡುಪಿ, ಮಂಗಳೂರಲ್ಲೇ ಸಿಗ್ತಾರಾ? ನನಗೆ ಅನುಮಾನ.

ಸದ್ಯಕ್ಕೆ ಏಂಜೆಲ್, ಅಂದ್ರೆ ಸ್ವಂತ ದುಡ್ಡು ಹಾಕುವ ಹೂಡಿಕೆದಾರರಾಗಿ, ಸುರತ್ಕಲ್ ಎನ್‌ಐಟಿಕೆ ಇಂಜಿನಿಯರಿಂಗ್ ಕಾಲೇಜಿನ ಹುಡುಗರ ಒಂದೆರಡು ಕಂಪನಿಗೆ ಸಣ್ಣ ಮೊತ್ತ ಹಾಕಿ ನೋಡಿ.