ಕೆಂಡದ ಬಣ್ಣದ ಮೀನು, ಕಕ್ಕಡದ ಕರೆಂಟು

ಪ್ರಶ್ನೆ: ಸೋಮವಾರಪೇಟೆ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ. ಹಾಲ್‌ನ ಟ್ಯಾಂಕಿನಲ್ಲಿ ಮೂರು ವರ್ಷದಿಂದ ಏಂಜಲ್ ಮೀನು ಸಾಕಿದ್ದೇನೆ. ಮೊನ್ನೆ ಬೆಂಗಳೂರಿನ ಅಂಗಡಿಯೊಂದರಲ್ಲಿ ಫ್ಲೇಮ್ ಏಂಜಲ್ ನೋಡಿದೆ, ಥೇಟ್ ಕೆಂಡ! 'ಅದೂ ಏಂಜಲ್ಲೇ, ನೀರಿಗೆ ಸ್ವಲ್ಪ ಉಪ್ಪು ಹಾಕಿದ್ರೆ ಸಾಕು' ಅಂದರು. ಒಂದು ಜೋಡಿ ತರುವ ಆಸೆ. ಕಲ್ಲುಪ್ಪು ಎಷ್ಟು ಹಾಕಬೇಕು?
- ಒಬ್ಬ ಓದುಗ, ಸೋಮವಾರಪೇಟೆ

ಉತ್ತರ: ಕಲ್ಲುಪ್ಪು ಉಪ್ಪಿನಕಾಯಿಗೇ ಇರಲಿ ಸರ್. ಹೆಸರು ಒಂದೇ, ಆದರೆ ಇವು ನೆಂಟರಲ್ಲ. ನಿಮ್ಮಲ್ಲಿರುವುದು ಅಮೆಜಾನ್ ಕಡೆಯ ಸಿಹಿನೀರಿನ ಮೀನು, ಇದು ಪೆಸಿಫಿಕ್ ಸಾಗರದ ಹವಳದ ದಿಬ್ಬದ್ದು. ಒಂದೇ ಟ್ಯಾಂಕಿಗೆ ಹಾಕಿದರೆ ಇದು ಉಳಿಯುತ್ತದೆ ಇಲ್ಲಾ ಅದು. ಇದಕ್ಕೆ ಬೇರೆ ಟ್ಯಾಂಕೇ ಬೇಕು, 200 ಲೀಟರಾದರೂ ಇರಲಿ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, ಅದೂ ಅಡುಗೆಯದಲ್ಲ, ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಸೇರಿಸಿ ಅಕ್ವೇರಿಯಂಗೆಂದೇ ಮಾಡಿದ್ದು.

ಜೋಡಿ ಬೇಡ. ಈ ಮೀನುಗಳಲ್ಲಿ ಒಂದು ಗಂಡು, ಅದರ ಸುತ್ತ ಕೆಲವು ಹೆಣ್ಣು. ಗಂಡು ಸತ್ತರೆ ಹೆಣ್ಣುಗಳಲ್ಲಿ ದೊಡ್ಡದೇ ಗಂಡಾಗಿಬಿಡುತ್ತದೆ! ಅಂಗಡಿಯಿಂದ ತಂದ ಎರಡೂ ಗಂಡಾಗಿದ್ದರೆ ಹೊಡೆದಾಡಿಕೊಂಡೇ ಸಾಯುತ್ತವೆ. ಅಂಗೈಯಷ್ಟೂ ಇರದ ಮೀನು, 10 ಸೆಂ.ಮೀ. ಆಸುಪಾಸು, ಆದರೆ ಜಗಳಕ್ಕೆ ಕಡಿಮೆಯಿಲ್ಲ. ಇನ್ನೊಂದು, ಬಲೆ ಹಾಕಿ ಹಿಡಿಯಬೇಡಿ. ಕೆನ್ನೆಯ ಕೆಳಗೊಂದು ಮುಳ್ಳಿದೆ, ಬಲೆಗೆ ಸಿಕ್ಕಿಕೊಳ್ಳುತ್ತದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೆಲ್ಲಗೆ ಹಿಡಿಯಿರಿ.

ಈಗ ನಿಜವಾದ ತಲೆನೋವು, ಕರೆಂಟು. ಕಕ್ಕಡದಲ್ಲಿ, ಅಂದರೆ ನಮ್ಮ ಕೊಡಗಿನ ಜಡಿಮಳೆ ತಿಂಗಳಲ್ಲಿ, ಲೈನ್ ಮೇಲೆ ಮರ ಬಿದ್ದರೆ ಎಷ್ಟು ದಿನ ಕತ್ತಲು ಅಂತ ನಿಮಗೆ ನಾನು ಹೇಳಬೇಕಾ? ಉಪ್ಪುನೀರಿನಲ್ಲಿ ಆಮ್ಲಜನಕ ಸಿಹಿನೀರಿಗಿಂತ ಕಡಿಮೆ ಕರಗುತ್ತದೆ, ಪಂಪ್ ನಿಂತರೆ ಮೀನು ಬೇಗ ಒದ್ದಾಡುತ್ತದೆ. ಮೇಲಿಂದ ಚಳಿ, ಇದಕ್ಕೋ 25 ಡಿಗ್ರಿ ಆಸುಪಾಸು ಬೇಕು. ನಾನೂ ಒಂದು ಸಲ ಇನ್ವರ್ಟರ್ ನಂಬಿ ಮಲಗಿದ್ದೆ, ಹೀಟರ್ ಎರಡೇ ಗಂಟೆಯಲ್ಲಿ ಬ್ಯಾಟರಿ ಕುಡಿದು ಮುಗಿಸಿತ್ತು. ಅಂದಿನಿಂದ ಇನ್ವರ್ಟರಿಗೆ ಪಂಪ್ ಮಾತ್ರ, ಟ್ಯಾಂಕಿಗೆ ಕಂಬಳಿ. ಬ್ಯಾಟರಿಯ ಏರ್ ಪಂಪ್ ಒಂದು ಕೈಯಲ್ಲಿರಲಿ.

ಹಾಗಾಗಿ ಈ ಮಳೆಗಾಲ ಮೀನಿಲ್ಲದೆ ಬರೀ ಉಪ್ಪುನೀರು, ಕಲ್ಲು ಹಾಕಿ, ಲೈಟ್ ಹಾಕಿ ಟ್ಯಾಂಕ್ ಓಡಿಸಿ ನೋಡಿ. ನೋಡಿದವರು ನಗಲಿ ಬಿಡಿ. ಕಕ್ಕಡ ದಾಟಿದರೆ ಸುಗ್ಗಿ ಹಬ್ಬ ಹುತ್ತರಿ ಹೊತ್ತಿಗೆ ಒಂದು ಮೀನು ತನ್ನಿ. ಅಷ್ಟರಲ್ಲಿ ಕಲ್ಲಿನ ಮೇಲೆ ಪಾಚಿ ಕಟ್ಟಿರುತ್ತದೆ. ಮೀನು ಅದನ್ನು ಕೆರೆದು ತಿನ್ನುತ್ತಾ ಓಡಾಡುತ್ತದೆ.