ಗಿಟಾರ್ ಸದ್ದು ಪೆಟ್ಟಿಗೆಯೊಳಗೆ, ಮಳೆ ಸದ್ದು ಹೊರಗೆ

ಪ್ರಶ್ನೆ: ನಮ್ಮದು ವಿರಾಜಪೇಟೆ ಹತ್ತಿರ ತೋಟದ ಮನೆ. ನನ್ನ ಬಳಿ 15 ವಾಟಿನ ವಾಲ್ವ್ (ಗಾಜಿನ ಕೊಳವೆಯ) ಆಂಪ್ಲಿಫೈಯರ್ ಮತ್ತು 12 ಇಂಚಿನ ಗಿಟಾರ್ ಸ್ಪೀಕರ್ ಇದೆ. ಮನೆಯಲ್ಲೇ ರೆಕಾರ್ಡ್ ಮಾಡುವ ಆಸೆ. ಆದರೆ ಪಕ್ಕದ ಕೋಣೆಯಲ್ಲಿ ಅಜ್ಜಿ ಇರುತ್ತಾರೆ, ತಂಗಿಗೆ ಎಸ್ಸೆಸ್ಸೆಲ್ಸಿ. ಸದ್ದು ಕಮ್ಮಿ ಮಾಡಿದರೆ ನನಗೆ ಬೇಕಾದ ಗರಗರ ದನಿ ಬರುವುದಿಲ್ಲ. ಮಳೆಗಾಲದಲ್ಲಂತೂ ಶೀಟಿನ ಮೇಲೆ ಬೀಳುವ ಮಳೆಯೇ ಮೈಕಿನಲ್ಲಿ ತುಂಬಿಕೊಳ್ಳುತ್ತದೆ. ಸ್ಪೀಕರ್ ಮತ್ತು ಮೈಕನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟು ರೆಕಾರ್ಡ್ ಮಾಡಬಹುದಂತೆ. ಒಳಗೆ ಥರ್ಮಾಕೋಲ್, ಹಳೇ ಗೋಣಿಚೀಲ ಹಾಕಿದರೆ ಸಾಕಾ ಅಣ್ಣ?

— ಒಬ್ಬ ಓದುಗ, ವಿರಾಜಪೇಟೆ

ಉತ್ತರ: ಸಾಕಾಗುವುದಿಲ್ಲ ತಮ್ಮಾ. ಆದರೆ ಪೆಟ್ಟಿಗೆಯ ಯೋಚನೆ ಮಾತ್ರ ಬಿಡಬೇಡ. ಗೋಣಿಕೊಪ್ಪದಲ್ಲಿ ಬಹಳ ವರ್ಷ ಸೌಂಡ್ ಸೆಟ್ ಬಾಡಿಗೆಗೆ ಕೊಟ್ಟು, ಸ್ಪೀಕರ್ ರಿಪೇರಿ ಮಾಡಿ ಬದುಕಿದವನು ನಾನು. ಇಂಥ ಪೆಟ್ಟಿಗೆಯನ್ನು ಎರಡು ಸಲ ಮಾಡಿದ್ದೇನೆ. ಮೊದಲನೆಯದು ಕೆಟ್ಟಿತು. ಎರಡನೆಯದು ಇವತ್ತಿಗೂ ಕೆಲಸ ಮಾಡುತ್ತಿದೆ.

ಸದ್ದು ತಡೆಯುವುದು ಮೆತ್ತಗಿನ ವಸ್ತುವಲ್ಲ. ಭಾರ ಇರಬೇಕು, ಗಾಳಿ ಆಡದಷ್ಟು ಬಿಗಿ ಇರಬೇಕು. ಥರ್ಮಾಕೋಲ್ ಹಗುರ, ಸದ್ದು ಅದರ ಮೂಲಕ ಸಲೀಸಾಗಿ ಹೋಗುತ್ತದೆ. ಗೋಣಿಚೀಲ ಪೆಟ್ಟಿಗೆಯೊಳಗಿನ ಕಿರ್ರೆನ್ನುವ ಸದ್ದನ್ನು ಸ್ವಲ್ಪ ಹೀರಬಹುದು, ಅಷ್ಟೇ. ಅದೂ ನಮ್ಮೂರಲ್ಲಿ ಜುಲೈ ಹೊತ್ತಿಗೆ ಬೂಸ್ಟು ಹಿಡಿದು ವಾಸನೆ ಹೊಡೆಯುತ್ತದೆ, ಇಲಿ ಬೇರೆ ಸೇರುತ್ತದೆ.

ನನ್ನ ಮೊದಲ ಪೆಟ್ಟಿಗೆ ಎಂಡಿಎಫ್‌ನದು, ಅಂದರೆ ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆಯದು. ಎಂಡಿಎಫ್ ಭಾರ ಇರುತ್ತದೆ, ಕುಯ್ಯುವುದೂ ಸುಲಭ. ಮೇ ತಿಂಗಳಲ್ಲಿ ಬಾಗಿಲು ಎಷ್ಟು ಚೆಂದ ಕೂತಿತ್ತು ಗೊತ್ತಾ! ಆಗಸ್ಟ್ ಬರುವಾಗ ತಳದ ಅಂಚು ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ ಉಬ್ಬಿತ್ತು. ಬಾಗಿಲು ಒಂದು ಮೂಲೆಯಲ್ಲಿ ಕೂರಲೇ ಇಲ್ಲ. ಆ ಮೂಲೆಯಿಂದ ಸದ್ದೆಲ್ಲ ಹೊರಗೆ. ಅದಕ್ಕೇ ಹೇಳುತ್ತಿದ್ದೇನೆ, ಕೊಡಗಿನಲ್ಲಿ ಈ ಕೆಲಸಕ್ಕೆ ಎಂಡಿಎಫ್ ಬೇಡ. 18 ಮಿ.ಮೀ. ದಪ್ಪದ, 710 ಮುದ್ರೆ ಇರುವ ನೀರು ತಡೆಯುವ ಪ್ಲೈವುಡ್ ತೆಗೆದುಕೋ. ಕುಯ್ದ ಅಂಚಿಗೆಲ್ಲ ಎರಡು ಕೈ ಪೇಂಟ್ ಹೊಡಿ. ನೀರು ಒಳಗೆ ಹೋಗುವುದು ಅಂಚಿನಿಂದಲೇ. ಕಾಫಿ ಕೊಯ್ಲು ಮುಗಿದು, ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ಮುಂಚೆ ಕೆಲಸ ಮುಗಿಸಿದರೆ ಒಳ್ಳೆಯದು. ಆಗ ಮರ ಒಣಗಿರುತ್ತದೆ.

ಪೆಟ್ಟಿಗೆ ಒಂದಲ್ಲ, ಎರಡು. ಒಂದರೊಳಗೆ ಇನ್ನೊಂದು. ಒಳಪೆಟ್ಟಿಗೆಯ ಒಳ ಅಳತೆ 45 ಸೆ.ಮೀ. ಅಗಲ, 45 ಎತ್ತರ, 90 ಉದ್ದ ಇರಲಿ. ಉದ್ದದಲ್ಲಿ 30 ಸೆ.ಮೀ. ಬಿಟ್ಟು ಒಂದು ಅಡ್ಡ ಹಲಗೆ ಹಾಕಿ ಅದಕ್ಕೆ ಸ್ಪೀಕರ್ ಬಿಗಿ. ಮುಂದಿನ ಜಾಗ ಮೈಕಿಗೆ. ಬಾಗಿಲು ಮೈಕಿನ ಕಡೆಯೇ ಇರಲಿ. ಹೊರಪೆಟ್ಟಿಗೆ ಒಳಗಿನದಕ್ಕಿಂತ ಎಲ್ಲ ಕಡೆ 5 ಸೆ.ಮೀ. ದೊಡ್ಡದು. ಆ ಸಂದಿಗೆ 50 ಮಿ.ಮೀ. ರಾಕ್‌ವೂಲ್ (ಕಲ್ಲು ಕರಗಿಸಿ ಎಳೆ ತೆಗೆದು ಮಾಡಿದ ಹಾಸು) ತುಂಬು. ಒಂದು ಘನ ಮೀಟರಿಗೆ 48 ಕೆ.ಜಿ. ತೂಗುವಂಥದ್ದು ಸಾಕು. ಕೈಗವಸು, ಮಾಸ್ಕ್ ಹಾಕಿಕೊಂಡೇ ಮುಟ್ಟು, ಅದರ ಎಳೆ ಚುಚ್ಚುತ್ತದೆ.

ಎರಡೂ ಪೆಟ್ಟಿಗೆಗಳ ಮರಕ್ಕೆ ಮರ ಎಲ್ಲೂ ತಾಗಬಾರದು. ಒಂದೇ ಒಂದು ಸ್ಕ್ರೂ ಎರಡನ್ನೂ ಹಿಡಿದರೆ ಸಾಕು, ಒಳಗಿನ ಅದುರು ಅದರಿಂದಲೇ ಹೊರಗೆ ಬರುತ್ತದೆ. ಒಳಪೆಟ್ಟಿಗೆ ರಬ್ಬರ್ ತುಂಡುಗಳ ಮೇಲೆ ಮಾತ್ರ ಕೂರಲಿ. ಭಾರಕ್ಕೆ ರಬ್ಬರ್ ಸ್ವಲ್ಪ ಕುಗ್ಗಬೇಕು, ಆದರೆ ಪೂರ್ತಿ ಚಪ್ಪಟೆ ಆಗಬಾರದು. ಸ್ಪಂಜ್ ಹಾಕಬೇಡ, ಚಪ್ಪಟೆಯಾಗಿಬಿಡುತ್ತದೆ.

8 ಅಡಿಗೆ 4 ಅಡಿಯ 3 ಶೀಟ್ ಪ್ಲೈವುಡ್ ಬೇಕಾಗುತ್ತದೆ. ಎಲ್ಲ ಸೇರಿ 75 ಕೆ.ಜಿ. ಹತ್ತಿರ ಹೋಗುತ್ತದೆ. ಅಂದರೆ ಒಂದೂವರೆ ಚೀಲ ಕಾಫಿಯ ತೂಕ. ಹಳೇ ಮನೆಯ ಮರದ ಮಹಡಿ ಮೇಲೆ ಇಡಬೇಡ, ಆ ಹಲಗೆಯೇ ದೊಡ್ಡ ಸ್ಪೀಕರ್ ಆಗಿಬಿಡುತ್ತದೆ. ಕೆಳಗೆ, ಸಿಮೆಂಟ್ ನೆಲದ ಮೇಲೆ ಇಡು.

ಈಗ ಬಾಗಿಲಿನ ವಿಚಾರ. ಇಲ್ಲಿ ನಿನಗೆ ತಾಳ್ಮೆ ಬೇಕು. ಹೊರಬಾಗಿಲು ಸುಮಾರು 62 ಸೆ.ಮೀ. ಚೌಕ. ಸುತ್ತಲೂ ಬರೀ 1 ಮಿ.ಮೀ. ಸಂದಿ ಉಳಿಯಿತು ಅಂದುಕೋ. ಕೂಡಿಸಿದರೆ ಅದು 25 ಚದರ ಸೆ.ಮೀ. ಆಗುತ್ತದೆ. ಅಂದರೆ ನಿನ್ನ ಪೆಟ್ಟಿಗೆಗೆ 5 ಸೆ.ಮೀ. ಉದ್ದ, 5 ಸೆ.ಮೀ. ಅಗಲದ ಕಿಟಕಿ ಇಟ್ಟು, ಅದನ್ನು ತೆರೆದೇ ಬಿಟ್ಟ ಹಾಗೆ! ಗೋಡೆ ಎಷ್ಟೇ ದಪ್ಪ ಇದ್ದರೂ 30 ಡೆಸಿಬೆಲ್‌ಗಿಂತ ಜಾಸ್ತಿ ತಡೆಯಲು ಆ ಕಿಟಕಿ ಬಿಡುವುದಿಲ್ಲ. ಕಾರಿನ ಬಾಗಿಲಿಗೆ ಹಾಕುವ ರಬ್ಬರ್ ಬೀಡಿಂಗ್ ಸಿಗುತ್ತದಲ್ವಾ, ಅದನ್ನು ಎರಡು ಸುತ್ತು ಹಾಕು. ಟ್ರಂಕಿನ ಕೊಂಡಿಯಂಥ ಎಳೆದು ಬಿಗಿಯುವ ಕೊಂಡಿ ಪ್ರತಿ ಬದಿಗೆ ಎರಡು ಇರಲಿ. ತಿರುಗಣಿಗಿಂತ ಪೂರ್ತಿ ಕಳಚಿ ಇಡುವ ಬಾಗಿಲೇ ಸಮನಾಗಿ ಒತ್ತಿ ಕೂರುತ್ತದೆ ಅಂತ ನನ್ನ ಅನುಭವ.

ಕರೆಂಟ್ ಹೋದ ರಾತ್ರಿ ಒಳಗೊಂದು ಟಾರ್ಚ್ ಹೊತ್ತಿಸಿಟ್ಟು, ಹೊರಬಾಗಿಲು ಮಾತ್ರ ಮುಚ್ಚಿ ನೋಡು. ಬೆಳಕು ಕಂಡ ಕಡೆ ಸದ್ದೂ ಬರುತ್ತದೆ. ಬೆಳಕು ಕಾಣದಿದ್ದರೂ ಸುಮ್ನೆ ನಂಬಬೇಡ. ಸಣ್ಣ ರೇಡಿಯೋದಲ್ಲಿ ಮಡಿಕೇರಿ ಆಕಾಶವಾಣಿ ಹಾಕಿ ಒಳಗಿಟ್ಟು, ಎರಡೂ ಬಾಗಿಲು ಬಿಗಿ. ತೋಟಕ್ಕೆ ನೀರು ಬಿಡುವ ಪೈಪಿನ ಒಂದು ತುಂಡನ್ನು ಕಿವಿಗೆ ಹಿಡಿದು, ಇನ್ನೊಂದು ತುದಿಯನ್ನು ಸಂದಿಯ ಉದ್ದಕ್ಕೂ ನಿಧಾನ ಓಡಿಸು. ಸೋರುವ ಜಾಗದಲ್ಲಿ ಮಾತು ಒಮ್ಮೆಲೇ ಸ್ಪಷ್ಟವಾಗುತ್ತದೆ. ನಾನು ಹೀಗೆಯೇ ಮೂರು ತೂತು ಹಿಡಿದೆ. ಮೂರೂ ವಯರ್ ಹೋಗುವ ಜಾಗದಲ್ಲೇ ಇದ್ದವು. ವಯರಿನ ದಪ್ಪಕ್ಕೆ ಸರಿಯಾಗಿ ಮಾತ್ರ ತೂತು ಕೊರೆದು ಸಿಲಿಕೋನ್ ತುಂಬು. ಒಳಗಿನ ತೂತು ಮತ್ತು ಹೊರಗಿನ ತೂತು ಎದುರುಬದುರು ಬರದಂತೆ ನೋಡಿಕೋ.

ಆಂಪ್ಲಿಫೈಯರನ್ನು ಯಾವ ಕಾರಣಕ್ಕೂ ಒಳಗಿಡಬೇಡ. ವಾಲ್ವ್ ಕಾಯುತ್ತದೆ, ಮುಚ್ಚಿದ ಪೆಟ್ಟಿಗೆಯಲ್ಲಿ ಆ ಶಾಖಕ್ಕೆ ದಾರಿ ಇಲ್ಲ. ಒಳಗೆ ಸ್ಪೀಕರ್ ಮತ್ತು ಮೈಕ್ ಮಾತ್ರ. ಸ್ಪೀಕರ್ 8 ಓಮ್ ಆಗಿದ್ದರೆ ಆಂಪ್‌ನ 8 ಓಮ್ ತೂತಿಗೇ ಹಾಕು. ಸ್ಪೀಕರ್ ಸಿಕ್ಕಿಸದೆ ವಾಲ್ವ್ ಆಂಪ್ ನುಡಿಸಿದರೆ ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು. ಗಿಟಾರಿನಿಂದ ಆಂಪ್‌ಗೆ ಹೋಗುವ ಕೇಬಲನ್ನು ಸ್ಪೀಕರಿಗೆ ಬಳಸಬೇಡ. ಅದರೊಳಗಿನ ತಂತಿ ತೆಳು. 1.5 ಚದರ ಮಿ.ಮೀ. ತಾಮ್ರದ ಎರಡೆಳೆ ವಯರ್ ಸಾಕು. ಗಂಟೆಗೊಮ್ಮೆ ಬಾಗಿಲು ತೆಗೆದು ಸ್ಪೀಕರಿಗೂ ತಣಿಯಲು ಬಿಡು.

ಒಳಗೋಡೆಗೂ ರಾಕ್‌ವೂಲ್ ಹಾಕಿ ಬಟ್ಟೆ ಹೊದಿಸು. ಇಲ್ಲದಿದ್ದರೆ ಡಬ್ಬಿಯೊಳಗೆ ಕೂತು ನುಡಿಸಿದ ಹಾಗೆ ಕೇಳುತ್ತದೆ. ಅಡ್ಡ ಹಲಗೆಯ ಮುಂದಿನ ಸುಮಾರು 58 ಸೆ.ಮೀ. ಉದ್ದದ ಜಾಗ 295 ಹರ್ಟ್ಸ್ ಸುತ್ತ ಗುಂಯ್ ಅನ್ನುತ್ತದೆ, 45 ಸೆ.ಮೀ. ಅಗಲ 380ರ ಸುತ್ತ. ಎರಡೂ ಗಿಟಾರಿನ ಸ್ವರ ಇರುವ ಜಾಗವೇ. ಮೈಕ್ ಶೂರ್ ಎಸ್‌ಎಂ57 ಆದರೆ ಚಿಂತೆ ಇಲ್ಲ, 1965ರಿಂದ ಬರುತ್ತಿರುವ ಗಟ್ಟಿ ಮೈಕ್ ಅದು. ಸ್ಪೀಕರಿನ ನಡುವಿನ ಗುಂಡನೆಯ ಉಬ್ಬಿನ ಅಂಚಿಗೆ ಎದುರಾಗಿ ಒಂದೆರಡು ಇಂಚು ದೂರ ಇಟ್ಟು ಶುರು ಮಾಡು. ಅರ್ಧ ಇಂಚು ಸರಿಸಿದರೂ ದನಿ ಬದಲಾಗುತ್ತದೆ. ಇಷ್ಟವಾದ ಜಾಗ ಸಿಕ್ಕಿದ ಕೂಡಲೇ ಸೀಮೆಸುಣ್ಣದಲ್ಲಿ ಗುರುತು ಹಾಕು.

ಎಷ್ಟು ಸದ್ದು ತಗ್ಗುತ್ತದೆ? ಗಿಟಾರ್ ಸ್ಪೀಕರಿಗೆ 1 ವಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಹತ್ತಿರ ಹತ್ತಿರ 100 ಡೆಸಿಬೆಲ್ ಬರುತ್ತದೆ. ನಿನ್ನ 15 ವಾಟಿಗೆ 110 ದಾಟುತ್ತದೆ. ಪೆಟ್ಟಿಗೆ 35 ಡೆಸಿಬೆಲ್ ತಗ್ಗಿಸಿದರೂ ಅದೇ ಕೋಣೆಯಲ್ಲಿ ಟಿವಿ ಜೋರಾಗಿ ಇಟ್ಟಷ್ಟು ಸದ್ದು ಉಳಿಯುತ್ತದೆ. ಕೋಣೆಯ ಬಾಗಿಲು ಮುಚ್ಚಿದರೆ ಅಜ್ಜಿಗೆ ಸಣ್ಣಗೆ ಗುನುಗಿದ ಹಾಗೆ ಕೇಳಬಹುದು. ದಪ್ಪ ತಂತಿಯ ಸದ್ದು ಉಳಿದವಕ್ಕಿಂತ ಜಾಸ್ತಿ ಸೋರುತ್ತದೆ, ಅದರ 82 ಹರ್ಟ್ಸನ್ನು ಪೂರ್ತಿ ತಡೆಯಲು ಇಷ್ಟು ಭಾರವೂ ಸಾಲದು. ತಂಗಿಯ ಪರೀಕ್ಷೆಯ ದಿನಗಳಲ್ಲಿ ರಾತ್ರಿ ನುಡಿಸಬೇಡ.

ಮಳೆಗೂ ಇದೇ ಲೆಕ್ಕ. ಒಳಗಿನ ಸದ್ದನ್ನು ಹೊರಗೆ ಬಿಡದ ಗೋಡೆ ಹೊರಗಿನದನ್ನೂ ಒಳಗೆ ಬಿಡುವುದಿಲ್ಲ. ಒಂದು ಜುಲೈ ಮಧ್ಯಾಹ್ನ, ಎದುರು ಕೂತವರ ಮಾತು ಕೇಳದಷ್ಟು ಮಳೆ ಹೊಡೆಯುತ್ತಿರುವಾಗ ನಾನು ರೆಕಾರ್ಡ್ ಮಾಡಿದ್ದೇನೆ. ಆಮೇಲೆ ಕೇಳಿದರೆ ಗಿಟಾರ್ ಮಾತ್ರ ಇತ್ತು. ಆ ದಿನದ ಖುಷಿ ನನಗೆ ಇನ್ನೂ ಹಾಗೇ ಇದೆ.

ಕೆಲಸ ಮುಗಿದ ಮೇಲೆ ಮೈಕ್ ಹೊರಗೆ ತೆಗೆದಿಡು. ಒಣ ದಿನಗಳಲ್ಲಿ ಎರಡೂ ಬಾಗಿಲು ತೆರೆದಿರಲಿ, ಮಳೆಗಾಲದಲ್ಲಿ ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಡು. ಸ್ಪೀಕರಿನ ಕಾಗದಕ್ಕೆ ಬೂಸ್ಟು ಹಿಡಿಯಬಾರದು. ಬಟ್ಟೆ ಕಪಾಟಿನಲ್ಲಿ ಬಲ್ಬ್ ಹೊತ್ತಿಸಿಡುವ ಹಾಗೆ ಇಲ್ಲಿ ಮಾಡಬೇಡ, ಒಳಗೆ ಬಟ್ಟೆ ಇದೆ, ಬೆಂಕಿಯ ಭಯ.

ಪ್ರಶ್ನೆ: ಕೋಣೆಯ ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ಪಕ್ಕದ ಮನೆಗೆ ಸದ್ದು ಹೋಗುವುದಿಲ್ಲವಂತೆ, ನಿಜವೇ?

— ಓದುಗರು, ಸೋಮವಾರಪೇಟೆ

ಉತ್ತರ: ನಿಜವಲ್ಲ. ಮೊಟ್ಟೆ ಟ್ರೇ ತೆಳು ಕಾಗದ. ಕೋಣೆಯೊಳಗಿನ ಕೀಚಲು ಸದ್ದನ್ನು ತುಸು ಚದುರಿಸುತ್ತದೆ, ಹೊರಗೆ ಹೋಗುವುದನ್ನು ತಡೆಯುವುದಿಲ್ಲ. ಬೆಂಕಿ ಬೇರೆ ಬೇಗ ಹಿಡಿಯುತ್ತದೆ. ಅದರ ಬದಲು ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹೊಡೆಸಿ, ಕಿಟಕಿಯ ಒಡೆದ ಗಾಜು ಹಾಕಿಸಿ. ಅಂಟಿಸಿದ್ದರೆ ಈ ಮಳೆಗಾಲಕ್ಕೆ ಮುಂಚೆಯೇ ಕಿತ್ತುಬಿಡಿ.